ಹಾಳಾದ ಓಪನ್‌ಎಲ್‌ಡ್ಯಾಪ್ ಡೇಟಾಬೇಸನ್ನು ಅಳಿಸುವ ಮುನ್ನ

ಕರೆಂಟ್ ಹೋಗಿ ಸರ್ವರ್ ಏಕಾಏಕಿ ನಿಂತ ಮೇಲೆ ಬಳಕೆದಾರರ ಖಾತೆಗಳನ್ನು ಇಡುವ ಡೈರೆಕ್ಟರಿ ತಂತ್ರಾಂಶವಾದ ಓಪನ್‌ಎಲ್‌ಡ್ಯಾಪ್ 2.4ರ ಸರ್ವರ್ ಪ್ರೋಗ್ರಾಂ ಸ್ಲ್ಯಾಪ್‌ಡಿ ಏಳುತ್ತಿಲ್ಲ, ಲಾಗ್‌ನಲ್ಲಿ 'ರನ್ ರಿಕವರಿ' ಎಂದು ಬರುತ್ತಿದೆ, ಇರುವ ಬ್ಯಾಕಪ್ ತಿಂಗಳುಗಳಷ್ಟು ಹಳೆಯದು, ಎಲ್ಲವನ್ನೂ ಅಳಿಸಿ ಅದನ್ನೇ ಹಾಕಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಏನನ್ನೂ ಅಳಿಸಬೇಡಿ. ಆ ಸಾಲು ಬರುವುದು, ನಿಮ್ಮ ಸ್ಲ್ಯಾಪ್‌ಡಿ ದತ್ತಾಂಶ ಇಡಲು ಬಳಸುವ ಬರ್ಕ್ಲಿ ಡಿಬಿ ಎಂಬ ಡೇಟಾಬೇಸಿನಿಂದ. ಅದು ಪ್ರತಿ ಬದಲಾವಣೆಯನ್ನೂ ಮೊದಲು ತನ್ನ ಲಾಗ್ ಕಡತಕ್ಕೆ ಬರೆದು ಆಮೇಲಷ್ಟೇ ಮುಖ್ಯ ಕಡತಗಳಿಗೆ ಸೇರಿಸುವುದರಿಂದ, ಆ ಲಾಗ್‌ಗಳು ಉಳಿದಿದ್ದರೆ ನಿಮ್ಮ ದತ್ತಾಂಶ ಬಹುಪಾಲು ವಾಪಸು ಸಿಗುವ ಸಾಧ್ಯತೆಯಿದೆ.

ಸರಿಯಾಗಿ ನಡೆಯುತ್ತಿರುವ ರೆಪ್ಲಿಕಾ, ಅಂದರೆ ಅದೇ ದತ್ತಾಂಶದ ಪ್ರತಿಯಿರುವ ಇನ್ನೊಂದು ಸರ್ವರ್, ಇದ್ದರೆ ಈ ಕಷ್ಟವೇ ಬೇಡ, ಅಲ್ಲಿಂದಲೇ ದತ್ತಾಂಶ ಹೊರತೆಗೆಯುವ ಉಪಕರಣವಾದ ಸ್ಲ್ಯಾಪ್‌ಕ್ಯಾಟ್ ಮೂಲಕ ದತ್ತಾಂಶ ತೆಗೆದುಕೊಳ್ಳಿ.

ಇಲ್ಲವಾದರೆ, ಸ್ಲ್ಯಾಪ್‌ಡಿ ಪೂರ್ತಿ ನಿಂತಿದೆಯೆಂದು ಖಚಿತಪಡಿಸಿಕೊಂಡು ಡೇಟಾಬೇಸಿನ ಇಡೀ ಫೋಲ್ಡರನ್ನು ಹಾಗೆಯೇ ಬೇರೆ ಡಿಸ್ಕಿಗೆ ನಕಲು ಮಾಡಿ. ಅದರಲ್ಲಿ 'ಲಾಗ್' ಎಂದು ಶುರುವಾಗಿ ಹತ್ತು ಅಂಕಿಗಳಿಂದ ಮುಗಿಯುವ ಕಡತಗಳಿರುತ್ತವೆ. ಇವನ್ನು ಮಾಮೂಲಿ ಲಾಗ್ ಎಂದುಕೊಂಡು ಜಾಗ ಉಳಿಸಲು ಅಳಿಸುವವರಿದ್ದಾರೆ. ರಿಕವರಿ ನಿಂತಿರುವುದೇ ಇವುಗಳ ಮೇಲೆ. ನಂತರ, ನಿಮ್ಮ ಸ್ಲ್ಯಾಪ್‌ಡಿ ಬಳಸುವ ಬರ್ಕ್ಲಿ ಡಿಬಿ ಯಾವ ಆವೃತ್ತಿಯದೋ ಅದೇ ಆವೃತ್ತಿಯ ಡಿಬಿ ರಿಕವರ್ ಉಪಕರಣವನ್ನು ಆ ಫೋಲ್ಡರಿನ ಮೇಲೆ ಓಡಿಸಿ.

ಅದು ದೋಷವಿಲ್ಲದೆ ಮುಗಿದರೂ ನಾನು ಆ ಡೇಟಾಬೇಸನ್ನು ಹಾಗೇ ಬಳಕೆಗೆ ಬಿಡುವುದಿಲ್ಲ. ಸ್ಲ್ಯಾಪ್‌ಕ್ಯಾಟ್‌ನಿಂದ ಎಲ್ಲವನ್ನೂ ಎಲ್‌ಡಿಫ್ ಎಂಬ ಪಠ್ಯ ರೂಪದ ಕಡತಕ್ಕೆ ಇಳಿಸಿ, ಖಾಲಿ ಫೋಲ್ಡರಿನಲ್ಲಿ ಅದನ್ನು ತುಂಬುವ ಉಪಕರಣವಾದ ಸ್ಲ್ಯಾಪ್‌ಆಡ್‌ನಿಂದ ಹೊಸದಾಗಿ ಕಟ್ಟುತ್ತೇನೆ. ಆಗ ಹುಡುಕಾಟಕ್ಕೆ ನೆರವಾಗುವ ಇಂಡೆಕ್ಸುಗಳೂ ಹೊಸದಾಗಿಯೇ ಆಗುತ್ತವೆ. ಬರ್ಕ್ಲಿ ಡಿಬಿಯ ಹೊಂದಿಕೆಗಳಿರುವ ಡಿಬಿ ಕಾನ್ಫಿಗ್ ಎಂಬ ಪುಟ್ಟ ಕಡತವಿದ್ದರೆ ಅದನ್ನು ಮಾತ್ರ ಹೊಸ ಫೋಲ್ಡರಿಗೂ ಹಾಕಿಕೊಳ್ಳಿ. ಇಳಿಸುವಾಗ ಸ್ಲ್ಯಾಪ್‌ಕ್ಯಾಟ್ ನಡುವೆ ಎಡವಿ ನಿಂತರೆ, ದೋಷವಿದ್ದರೂ ಮುಂದುವರಿಯುವ 'ಸಿ' ಆಯ್ಕೆ ಕೊಡಿ, ಆದರೆ ಹಾಗೆ ಸಿಕ್ಕಿದ ಕಡತದಲ್ಲಿ ಡಿಎನ್ (ಪ್ರತಿ ನಮೂದಿನ ಪೂರ್ಣ ಹೆಸರು) ಸಾಲುಗಳೆಷ್ಟಿವೆ ಎಂದು ಎಣಿಸಿ ಹಳೆಯ ಬ್ಯಾಕಪ್ಪಿನೊಂದಿಗೆ ತಾಳೆ ನೋಡಿ, ಬಿಟ್ಟುಹೋದ ನಮೂದುಗಳನ್ನು ಅಲ್ಲಿಂದ ತುಂಬಿಕೊಳ್ಳಿ. ಈ ಎಲ್‌ಡಿಫ್‌ನಲ್ಲಿ ಎಲ್ಲರ ಪಾಸ್‌ವರ್ಡ್ ಹ್ಯಾಶ್‌ಗಳೂ ಇರುವುದರಿಂದ ಅದನ್ನು ಬೇರೆಯವರು ಓದುವಂತೆ ಎಲ್ಲೆಂದರಲ್ಲಿ ಇಡಬೇಡಿ. ತುಂಬಲು, ನಡೆಯುತ್ತಿರುವ ಸರ್ವರಿಗೆ ನಮೂದು ಸೇರಿಸುವ ಎಲ್‌ಡ್ಯಾಪ್‌ಆಡ್ ಸಲ್ಲದು, ಏಕೆಂದರೆ ಪ್ರತಿ ನಮೂದಿನ ಮೂಲ ಯುಯುಐಡಿಯನ್ನು (ಅದರ ವಿಶಿಷ್ಟ ಗುರುತು ಸಂಖ್ಯೆಯನ್ನು) ಉಳಿಸುವುದು ಸ್ಲ್ಯಾಪ್‌ಆಡ್ ಮಾತ್ರ, ರೆಪ್ಲಿಕೇಶನ್ ನಮೂದುಗಳನ್ನು ಗುರುತು ಹಿಡಿಯುವುದು ಅದರಿಂದಲೇ.

ಇಷ್ಟೆಲ್ಲ ಮುಗಿದರೂ ಸ್ಲ್ಯಾಪ್‌ಡಿ ಏಳದಿದ್ದರೆ ಕಡತಗಳ ಒಡೆತನ ನೋಡಿ. ಸ್ಲ್ಯಾಪ್‌ಆಡನ್ನು ರೂಟ್ ಆಗಿ ಓಡಿಸಿದ್ದರೆ ಕಡತಗಳು ರೂಟ್ ಹೆಸರಿನಲ್ಲಿರುತ್ತವೆ. ಡೆಬಿಯನ್ನಿನಲ್ಲಿ ಅವು ಓಪನ್‌ಎಲ್‌ಡ್ಯಾಪ್ ಬಳಕೆದಾರನವೂ ರೆಡ್ ಹ್ಯಾಟ್‌ನಲ್ಲಿ ಎಲ್‌ಡ್ಯಾಪ್ ಬಳಕೆದಾರನವೂ ಆಗಿರಬೇಕು. ಇನ್ನು ಸರ್ವರ್ ಎದ್ದಿದೆ, ಆದರೆ ಯುಐಡಿ (ಲಾಗಿನ್ ಹೆಸರು) ಕೊಟ್ಟು ಹುಡುಕಿದರೆ ಸಿಗದ ವ್ಯಕ್ತಿ ಪೂರ್ತಿ ಡಿಎನ್ ಕೊಟ್ಟರೆ ಸಿಗುತ್ತಾನೆ ಎಂದಾದರೆ, ಅದು ಬಹುತೇಕ ಇಂಡೆಕ್ಸಿನ ದೋಷ. ಸ್ಲ್ಯಾಪ್‌ಡಿ ನಿಲ್ಲಿಸಿ, ಇಂಡೆಕ್ಸುಗಳನ್ನು ಮತ್ತೆ ಕಟ್ಟುವ ಸ್ಲ್ಯಾಪ್‌ಇಂಡೆಕ್ಸ್ ಓಡಿಸಿದರೆ ಸಾಕು.

ಬರ್ಕ್ಲಿ ಡಿಬಿ ಬ್ಯಾಕೆಂಡುಗಳನ್ನು (ದತ್ತಾಂಶ ಇಡುವ ಭಾಗಗಳನ್ನು) 2021ರಲ್ಲಿ ಬಂದ ಓಪನ್‌ಎಲ್‌ಡ್ಯಾಪ್ 2.5ರಿಂದ ತೆಗೆದುಹಾಕಿದ್ದಾರೆ. ಎಲ್‌ಡಿಫ್ ಹೇಗೂ ಕೈಯಲ್ಲಿರುವಾಗ ಎಂಡಿಬಿ ಎಂಬ ಇನ್ನೊಂದು ಬ್ಯಾಕೆಂಡಿಗೆ ಹೋಗುವುದು ಲೇಸು. ಅದರಲ್ಲಿ ರಿಕವರಿ ಲಾಗ್‌ಗಳ ಗೊಡವೆಯಿಲ್ಲ. ಆದರೆ ಡೇಟಾಬೇಸಿನ ಗರಿಷ್ಠ ಗಾತ್ರವಾದ ಮ್ಯಾಕ್ಸ್‌ಸೈಜ್ ನೀವೇ ಹೇಳದಿದ್ದರೆ ಕೇವಲ 10 ಎಂಬಿ ಇರುತ್ತದೆ, ಅದು ತುಂಬಿದಾಗ ಬರುವ 'ಮ್ಯಾಪ್ ಫುಲ್' ದೋಷವನ್ನು ಡೇಟಾಬೇಸ್ ಮತ್ತೆ ಹಾಳಾಯಿತೆಂದು ತಿಳಿಯಬೇಡಿ.