‘ಅಮೆರಿಕದಲ್ಲಿ 16 ಅಲ್ವಾ ಸಾರ್?’: ಸಮ್ಮತಿಯ ವಯಸ್ಸು, ಅರೆಸ್ಟ್ ಮತ್ತು ಕೋರ್ಟಿನ ದಾರಿ

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಎಂಎಸ್ ಓದುತ್ತಿದ್ದಾನೆ. ಅಲ್ಲೇ ಒಬ್ಬ ಹುಡುಗಿಯ ಪರಿಚಯವಾಗಿ ಪ್ರೀತಿ ಆಗಿದೆ. ಅವಳು ತನಗೆ 19 ಅಂದಿದ್ದಳಂತೆ, ನಿಜಕ್ಕೂ 17 ವರ್ಷ 4 ತಿಂಗಳು. ಅವಳ ಮನೆಯವರು ಪೊಲೀಸರಿಗೆ ಹೇಳಿದ್ದಾರೆ. ಶನಿವಾರ ಅರೆಸ್ಟ್ ಆದ, ಮಂಗಳವಾರ ಕೋರ್ಟು, ಈಗ ಬೇಲ್ ಮೇಲೆ ಹೊರಗಿದ್ದಾನೆ. ಬೇಲ್ ಏಜೆಂಟಿಗೆ 5,000 ಡಾಲರ್ ಕೊಟ್ಟೆವು. ಇಬ್ಬರೂ ಇಷ್ಟಪಟ್ಟು ಇದ್ದವರು. ಅಮೆರಿಕದಲ್ಲಿ 16 ಆದರೆ ಸಾಕು ಅಂತ ಅವನ ಗೆಳೆಯರು ಹೇಳುತ್ತಾರೆ. ಹುಡುಗಿಯ ಮನೆಯವರೂ ಭಾರತದವರೇ, ಹೋಗಿ ಕೈಮುಗಿದು ರಾಜಿ ಮಾಡಿಕೊಳ್ಳಲಾ? ಇಲ್ಲ, ಟಿಕೆಟ್ ಹಾಕಿಸಿ ಅವನನ್ನು ಊರಿಗೆ ಕರೆಸಿಕೊಳ್ಳಲಾ?
— ದಾವಣಗೆರೆಯ ಒಬ್ಬ ತಂದೆ

ಉತ್ತರ: ಕೊನೆಯ ಎರಡು ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ಎರಡೂ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ, ಆದರೆ ಈ ಪತ್ರ ಓದಿ ಮುಗಿಸುವ ಮುಂಚೆ ನೀವು ಯಾರಿಗೂ ಫೋನ್ ಮಾಡಬಾರದು ಅನ್ನುವುದಕ್ಕೆ ಇದನ್ನು ಮೇಲೆ ಬರೆದೆ.

‘ಅಮೆರಿಕದಲ್ಲಿ 16’ ಅನ್ನುವುದು ಅರ್ಧ ನಿಜ. ದೈಹಿಕ ಸಂಬಂಧಕ್ಕೆ ಒಪ್ಪಿಗೆ ಕೊಡಲು ಎಷ್ಟು ವಯಸ್ಸಾಗಿರಬೇಕು ಅನ್ನುವುದಕ್ಕೆ ಅಲ್ಲಿ ಇಡೀ ದೇಶಕ್ಕೆ ಒಂದೇ ಕಾನೂನು ಇಲ್ಲ. ರಾಜ್ಯಕ್ಕೊಂದು ವಯಸ್ಸು. ಅರ್ಧಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ 16, ನ್ಯೂಜೆರ್ಸಿ, ಜಾರ್ಜಿಯಾ, ವಾಷಿಂಗ್ಟನ್ ಎಲ್ಲ ಹಾಗೇ. ನ್ಯೂಯಾರ್ಕ್, ಟೆಕ್ಸಾಸ್, ಇಲಿನಾಯ್‌ನಲ್ಲಿ 17. ಕ್ಯಾಲಿಫೋರ್ನಿಯಾ, ಫ್ಲೋರಿಡಾ, ಅರಿಜೋನಾದಲ್ಲಿ 18. ಟಾಹೋ ಅಂತ ಒಂದು ದೊಡ್ಡ ಸರೋವರ ಇದೆ, ನಮ್ಮ ಹುಡುಗರು ಚಳಿಗಾಲದಲ್ಲಿ ಹಿಮ ನೋಡಲು ಹೋಗುವ ಜಾಗ. ಅದರ ನಡುವೆಯೇ ರಾಜ್ಯದ ಗಡಿ ಹಾದುಹೋಗುತ್ತದೆ. ಈ ದಡ ಕ್ಯಾಲಿಫೋರ್ನಿಯಾ, 18. ಆ ದಡ ನೆವಾಡಾ, 16. ಗಡಿಯ ಆಚೆ ಇರುವ ಊರಿನ ಹೆಸರೇ ಸ್ಟೇಟ್‌ಲೈನ್. ಹಾಗಂತ ಗಡಿ ದಾಟಿಸಿಕೊಂಡು ಹೋದರೆ ಬಚಾವ್ ಅಂದುಕೊಂಡವರಿಗೆ ಫೆಡರಲ್ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ಬೇರೆಯೇ ಕಾನೂನು ಕಾದಿರುತ್ತದೆ.

ನಿಮ್ಮ ಮಗನ ಕೇಸು ಟೆಕ್ಸಾಸ್‌ನಲ್ಲಿ ನಡೆದಿದ್ದರೆ 17 ತುಂಬಿದ ಹುಡುಗಿ ಅನ್ನುವ ಕಾರಣಕ್ಕೆ ಈ ಆರೋಪವೇ ಬರುತ್ತಿರಲಿಲ್ಲ. ಅವಳಿಗೆ 16 ಆಗಿದ್ದರೆ ಅದೇ ಟೆಕ್ಸಾಸ್‌ನಲ್ಲಿ 2ರಿಂದ 20 ವರ್ಷ ಜೈಲಿನ ಅಪರಾಧ. ಅಲ್ಲಿ ‘ವಯಸ್ಸು ಗೊತ್ತಿರಲಿಲ್ಲ’ ಅಂದರೂ ನಡೆಯುವುದಿಲ್ಲ. ಕಾನೂನು ಹೀಗೆ ಹತ್ತಾರು ತುಂಡಾಗಿರುವಾಗ ಗೆಳೆಯರ ಮಾತು ನಂಬಿ ಕೂರುವುದು ಎಷ್ಟು ಅಪಾಯ ನೋಡಿ.

ಈಗ ಕ್ಯಾಲಿಫೋರ್ನಿಯಾಕ್ಕೆ ಬರೋಣ. ಅಲ್ಲಿನ ದಂಡಸಂಹಿತೆಯ 261.5ನೇ ಸೆಕ್ಷನ್ ಇದರ ಬಗ್ಗೆಯೇ ಇದೆ. 18 ತುಂಬದವರ ಸಮ್ಮತಿಗೆ ಕಾನೂನಿನ ಕಣ್ಣಲ್ಲಿ ಬೆಲೆ ಇಲ್ಲ. ಹೀಗಾಗಿ ‘ಇಬ್ಬರೂ ಇಷ್ಟಪಟ್ಟಿದ್ದರು’ ಅನ್ನುವುದು ಬಿಡುಗಡೆಯ ವಾದ ಅಲ್ಲ, ಶಿಕ್ಷೆ ಕಡಿಮೆ ಮಾಡಿ ಅಂತ ಕೇಳುವಾಗ ಬರುವ ಮಾತು. ಶಿಕ್ಷೆ ನಿಂತಿರುವುದು ವಯಸ್ಸಿನ ಅಂತರದ ಮೇಲೆ. ಇಬ್ಬರ ನಡುವೆ 3 ವರ್ಷದ ಒಳಗೆ ಅಂತರ ಇದ್ದರೆ ಸಣ್ಣ ಅಪರಾಧ, ಅಲ್ಲಿನವರ ಮಾತಲ್ಲಿ ಮಿಸ್‌ಡಿಮೀನರ್. 3 ವರ್ಷ ದಾಟಿದರೆ ಅದು ಸಣ್ಣದೂ ಆಗಬಹುದು, ದೊಡ್ಡದೂ ಆಗಬಹುದು. ದೊಡ್ಡದು ಅಂದರೆ ಫೆಲನಿ, 3 ವರ್ಷದವರೆಗೆ ಜೈಲು. ಯಾವುದು ಅಂತ ಮೊದಲು ತೀರ್ಮಾನ ಮಾಡುವವರು ಸರ್ಕಾರಿ ವಕೀಲರು, ಆಮೇಲೆ ಜಡ್ಜ್. ಇಂಥ ಕೇಸಿಗೆ ವಕೀಲರು ‘ವಾಬ್ಲರ್’ ಅನ್ನುತ್ತಾರೆ, ಎರಡೂ ಕಡೆ ವಾಲಾಡುವಂಥದ್ದು. ನಿಮ್ಮ ಮಗ ಇರುವುದು ಸರಿಯಾಗಿ ಈ ಜಾಗದಲ್ಲಿ. ಅವನ ವಕೀಲರ ಮೊದಲ ಕೆಲಸವೇ ಇದನ್ನು ಸಣ್ಣ ಕಡೆಗೆ ವಾಲಿಸುವುದು.

19 ಅಂತ ಹೇಳಿದ್ದಳು ಅನ್ನುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. 1964ರಲ್ಲೇ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್, ಹುಡುಗಿಗೆ 18 ಆಗಿದೆ ಅಂತ ಪ್ರಾಮಾಣಿಕವಾಗಿ, ಸಕಾರಣವಾಗಿ ನಂಬಿದ್ದರೆ ಅದು ಬಚಾವಾಗುವ ವಾದ ಅಂತ ಒಪ್ಪಿತು. ಆದರೆ ‘ಸಕಾರಣವಾಗಿ’ ಅನ್ನುವ ಪದ ಗಮನಿಸಿ. ಅವಳ ಪ್ರೊಫೈಲ್‌ನಲ್ಲಿ 19 ಇತ್ತಾ? ಚಾಟ್‌ನಲ್ಲಿ ಕಾಲೇಜಿನ ಮಾತು ಬಂದಿತ್ತಾ, ಹೈಸ್ಕೂಲಿನದಾ? ‘ನಾಳೆ ಪಿ.ಇ. ಕ್ಲಾಸ್ ಇದೆ, ಅಮ್ಮ ಡ್ರಾಪ್ ಮಾಡ್ತಾಳೆ’ ಅನ್ನುವಂಥ ಒಂದು ಮೆಸೇಜ್ ಇದ್ದರೂ ಆ ವಾದ ಅಲುಗಾಡುತ್ತದೆ. ಆದ್ದರಿಂದ ಫೋನಿನಿಂದ ಏನನ್ನೂ ಅಳಿಸಬಾರದು. ಅಳಿಸಿದರೆ ಅವನಿಗೆ ಅನುಕೂಲವಾಗುವುದೂ ಹೋಗುತ್ತದೆ, ಮೇಲಿಂದ ಸಾಕ್ಷ್ಯನಾಶದ ಇನ್ನೊಂದು ಕೇಸ್.

ಪೊಲೀಸರ ಮುಂದೆ ಅವನು ಏನಾದರೂ ಹೇಳಿದನಾ ಅಂತ ನೀವು ಬರೆದಿಲ್ಲ. ಹೇಳಿರುತ್ತಾನೆ. ನಮ್ಮ ಮಕ್ಕಳು ಹೇಳಿಬಿಡುತ್ತಾರೆ. ‘ನಿಜ ಹೇಳಿದರೆ ಬಿಡ್ತಾರೆ’ ಅಂತ ಮನೆಯಲ್ಲಿ ನಾವೇ ಕಲಿಸಿರುತ್ತೇವಲ್ಲ. ಅಮೆರಿಕದಲ್ಲಿ ವಶಕ್ಕೆ ತೆಗೆದುಕೊಂಡು ವಿಚಾರಣೆ ಮಾಡುವ ಮುಂಚೆ ‘ನಿನಗೆ ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಕೇಳುವ ಹಕ್ಕಿದೆ’ ಅಂತ ಹೇಳಲೇಬೇಕು. 1966ರ ಮಿರಾಂಡಾ ತೀರ್ಪಿನಿಂದ ಬಂದ ನಿಯಮ ಅದು. ಅದಕ್ಕೂ ಮುಂಚೆ ಇನ್ನೊಂದು ಬಲೆ ಇರುತ್ತದೆ. ಪೊಲೀಸರು ಹುಡುಗಿಯಿಂದಲೇ ಹುಡುಗನಿಗೆ ಫೋನ್ ಮಾಡಿಸುತ್ತಾರೆ. ‘ನಾವು ಮಾಡಿದ್ದು ತಪ್ಪಲ್ವಾ? ನಂಗೆ ಭಯ ಆಗ್ತಿದೆ’ ಅಂತ ಅವಳು ಅಳುತ್ತಾಳೆ. ಇವನು ಸಮಾಧಾನ ಮಾಡಲು ಹೋಗಿ ಎಲ್ಲ ಒಪ್ಪಿಕೊಳ್ಳುತ್ತಾನೆ. ಪಕ್ಕದಲ್ಲಿ ಅಧಿಕಾರಿ ಕೂತು ರೆಕಾರ್ಡ್ ಮಾಡುತ್ತಿರುತ್ತಾರೆ. ಆಗ ಅವನು ವಶದಲ್ಲಿ ಇಲ್ಲದ ಕಾರಣ ಮಿರಾಂಡಾ ಎಚ್ಚರಿಕೆ ಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಈ ಕ್ರಮ ಕಾನೂನುಬದ್ಧ. ಅರೆಸ್ಟ್‌ಗೆ ಮುಂಚಿನ ವಾರ ಅಂಥ ಕಾಲ್ ಏನಾದರೂ ಬಂದಿತ್ತಾ ಅಂತ ಮಗನನ್ನು ನೀವು ಕೇಳಬೇಡಿ, ಅವನ ವಕೀಲರು ಕೇಳಲಿ. ವಕೀಲರ ಜೊತೆ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ. ಅಪ್ಪನ ಜೊತೆ ಆಡಿದ್ದು ಉಳಿಯುವುದಿಲ್ಲ, ನಿಮ್ಮನ್ನೇ ಸಾಕ್ಷಿಯಾಗಿ ಕರೆಯಬಹುದು.

ರಾಜಿ ಯಾಕೆ ಬೇಡ ಅಂದೆ? ಮೊದಲನೆಯದಾಗಿ ಕೇಸ್ ಹಾಕಿರುವುದು ಹುಡುಗಿಯ ಅಪ್ಪ ಅಲ್ಲ. ಕೋರ್ಟಿನಲ್ಲಿ ಕೇಸ್ ಕೂಗುವಾಗಲೇ ಕೇಳಿಸುತ್ತದೆ, ‘ದಿ ಪೀಪಲ್ ಆಫ್ ದಿ ಸ್ಟೇಟ್ ಆಫ್ ಕ್ಯಾಲಿಫೋರ್ನಿಯಾ ವರ್ಸಸ್’ ಅಂತ. ಎದುರಾಳಿ ಇಡೀ ರಾಜ್ಯ. ಹುಡುಗಿಯ ಮಾತನ್ನು ಸರ್ಕಾರಿ ವಕೀಲರು ಕೇಳುತ್ತಾರೆ, ಆದರೆ ಅವಳು ‘ವಾಪಸ್ ತಗೊಳ್ತೀನಿ’ ಅಂದ ಮಾತ್ರಕ್ಕೆ ಕೇಸ್ ಬೀಳುವುದಿಲ್ಲ. ಎರಡನೆಯದು, ಸಾಕ್ಷಿ ಹೇಳದಂತೆ ಯಾರನ್ನಾದರೂ ಒಲಿಸಲು ಹೋದರೆ ಅದೇ ಬೇರೆ ಅಪರಾಧ, 136.1ನೇ ಸೆಕ್ಷನ್. ನೀವು ಹೂವು ಹಣ್ಣು ಹಿಡಿದು ಹೋಗಿ ಕೈಮುಗಿದರೂ ಪೊಲೀಸ್ ರಿಪೋರ್ಟ್‌ನಲ್ಲಿ ಅದು ‘ಸಾಕ್ಷಿಯ ಮೇಲೆ ಒತ್ತಡ’ ಅಂತಲೇ ಬರುತ್ತದೆ. ಮೇಲಾಗಿ, ಅವಳನ್ನು ಸಂಪರ್ಕಿಸಬಾರದು ಅಂತ ಜಡ್ಜ್ ಆದೇಶ ಕೊಟ್ಟಿರುವ ಸಾಧ್ಯತೆ ಜಾಸ್ತಿ. ಇನ್‌ಸ್ಟಾದಲ್ಲಿ ಒಂದು ‘ಸಾರಿ’ ಕಳಿಸಿದರೂ ಅವನು ಮತ್ತೆ ಒಳಗೆ.

ನಾನು ನೋಡಿದ ಒಂದು ಕೇಸ್ ಹೇಳುತ್ತೇನೆ. ಹುಡುಗ ಜೈಲಿನಿಂದ ಅಮ್ಮನಿಗೆ ಫೋನ್ ಮಾಡಿದ್ದ. ಜೈಲಿನ ಫೋನಿನಲ್ಲಿ ಮೊದಲೇ ಒಂದು ಧ್ವನಿ ಬರುತ್ತದೆ, ಈ ಕರೆ ರೆಕಾರ್ಡ್ ಆಗುತ್ತಿದೆ ಅಂತ. ಅಮ್ಮ ಅದನ್ನು ಕೇಳಿಸಿಕೊಂಡೇ ಇದ್ದರು. ಆದರೂ ಕನ್ನಡ ಯಾರಿಗೆ ಗೊತ್ತಾಗತ್ತೆ ಅಂತ ಧೈರ್ಯ. ‘ಏನೂ ಆಗಿಲ್ಲ ಅಂತ ಅವಳ ಹತ್ರ ಯಾರಿಂದಾದ್ರೂ ಹೇಳ್ಸು ಕಣೋ’ ಅಂದರು. ಎರಡು ತಿಂಗಳ ನಂತರ ಸರ್ಕಾರಿ ವಕೀಲರು ಕೊಟ್ಟ ಫೈಲಿನಲ್ಲಿ ಆ ಸಾಲು ಇಂಗ್ಲಿಷಿನಲ್ಲಿ ಅಚ್ಚಾಗಿ ಕೂತಿತ್ತು. ‘ಕಣೋ’ ಒಂದನ್ನು ಬಿಟ್ಟು ಎಲ್ಲವನ್ನೂ ಅನುವಾದಕರು ಸರಿಯಾಗಿಯೇ ತಂದಿದ್ದರು.

ಊರಿಗೆ ಕರೆಸಿಕೊಂಡರೆ ಏನಾಗುತ್ತದೆ? ಕೋರ್ಟಿನ ದಿನ ಬರದಿದ್ದರೆ ವಾರಂಟ್. ಬೇಲ್ ಪೂರ್ತಿ ಮೊತ್ತಕ್ಕೆ ಕೋರ್ಟಿನಲ್ಲಿ ಜಾಮೀನು ನಿಂತವನು ಏಜೆಂಟ್, ಆ ಹಣಕ್ಕಾಗಿ ಅವನು ನಿಮ್ಮ ಬೆನ್ನು ಹತ್ತುತ್ತಾನೆ. ತಪ್ಪಿಸಿಕೊಂಡಿದ್ದಕ್ಕೆ ಹೊಸ ಆರೋಪ. ಎರಡು ದೇಶಗಳ ನಡುವೆ 1997ರಲ್ಲಿ ಸಹಿಯಾದ ಹಸ್ತಾಂತರ ಒಪ್ಪಂದವೂ ಇದೆ. ಇನ್ನು ನೀವು ಕೊಟ್ಟ 5,000 ಡಾಲರ್ ವಾಪಸ್ ಬರುವುದಿಲ್ಲ. ಅದು ಏಜೆಂಟನ ಶುಲ್ಕ, ಸಾಮಾನ್ಯವಾಗಿ ಬೇಲ್ ಮೊತ್ತದ ಶೇ 10. ಪೂರ್ತಿ ಹಣವನ್ನು ನೀವೇ ಕೋರ್ಟಿಗೆ ಕಟ್ಟಿದ್ದರೆ ಕೇಸ್ ಮುಗಿದ ಮೇಲೆ ಸಿಗುತ್ತಿತ್ತು. ಈಗ ಅದರ ಬಗ್ಗೆ ಕೊರಗಬೇಡಿ.

ಮುಂದಿನ ದಾರಿ ಹೀಗಿದೆ. ಮಂಗಳವಾರ ನಡೆದದ್ದು ಅರೇನ್‌ಮೆಂಟ್. ಆರೋಪ ಓದಿ, ಒಪ್ಪುತ್ತೀಯಾ ಇಲ್ಲವಾ ಅಂತ ಕೇಳುವುದು. ಮೂರ್ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ವಶದಲ್ಲಿರುವವರಿಗೆ ಇದು 48 ಗಂಟೆಯೊಳಗೆ ಆಗಬೇಕು, ಭಾನುವಾರ, ರಜಾದಿನ ಲೆಕ್ಕಕ್ಕಿಲ್ಲ. ಫೆಲನಿ ಆದರೆ ಆಮೇಲೆ ಪ್ರಾಥಮಿಕ ವಿಚಾರಣೆ. ಕೇಸ್ ನಡೆಸುವಷ್ಟು ಆಧಾರ ಇದೆಯಾ ಅಂತ ಜಡ್ಜ್ ನೋಡುತ್ತಾರೆ. ದುಡ್ಡಿಲ್ಲದವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. ಪಬ್ಲಿಕ್ ಡಿಫೆಂಡರ್ ಅಂದರೆ ಕೈಲಾಗದವರು ಅಂತ ನಮ್ಮವರಿಗೆ ಒಂದು ತಾತ್ಸಾರ ಇದೆ. ತಪ್ಪು. ದಿನವೂ ಇಂಥ ಕೇಸನ್ನೇ ನಡೆಸುವವರು ಅವರು. ಕೊನೆಗೆ 12 ಜನರ ಜ್ಯೂರಿ, ಎಲ್ಲರೂ ಒಮ್ಮತದಿಂದ ಹೇಳಿದರೆ ಮಾತ್ರ ಶಿಕ್ಷೆ.

ಆದರೆ ಹೆಚ್ಚಿನ ಕೇಸುಗಳು ಜ್ಯೂರಿಯವರೆಗೆ ಹೋಗುವುದೇ ಇಲ್ಲ. ನಡುವೆ ಪ್ಲೀ ಬಾರ್ಗೇನ್ ಬರುತ್ತದೆ, ‘ಇಷ್ಟು ಒಪ್ಪಿಕೋ, ಇಷ್ಟಕ್ಕೆ ಬಿಡ್ತೀವಿ’ ಅನ್ನುವ ಚೌಕಾಸಿ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇರುವುದು ಇಲ್ಲೇ. ಜೈಲು ಇಲ್ಲ, ಬರೀ ಪ್ರೊಬೇಷನ್ (ಷರತ್ತು ಹಾಕಿ, ನಡತೆಯ ಮೇಲೆ ನಿಗಾ ಇಟ್ಟು ಹೊರಗೆ ಬಿಡುವುದು) ಅಂದ ಕೂಡಲೇ ಹುಡುಗ ಸಹಿ ಹಾಕಿಬಿಡುತ್ತಾನೆ. ಅಮೆರಿಕದ ಪ್ರಜೆಗೆ ಅದು ಒಳ್ಳೆಯ ವ್ಯವಹಾರ ಆಗಿರಬಹುದು. ವಿದ್ಯಾರ್ಥಿ ವೀಸಾದವನಿಗೆ ಅಲ್ಲ. ‘ನೋ ಕಾಂಟೆಸ್ಟ್’, ಅಂದರೆ ತಪ್ಪು ಒಪ್ಪುವುದಿಲ್ಲ, ಆದರೆ ವಾದಿಸುವುದೂ ಇಲ್ಲ ಅಂದರೂ ವಲಸೆ ಇಲಾಖೆಯ ಲೆಕ್ಕದಲ್ಲಿ ಅವನು ತಪ್ಪಿತಸ್ಥನೇ. ಗಡಿಪಾರು ಮಾಡಲು ಅದೇ ಸಾಕಾಗಬಹುದು. 2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಇದೇ 261.5ರ ಕೇಸ್ ಬಂದಿತ್ತು. ಸುಮಾರು 21ರ ಹುಡುಗ, 17ರ ಹುಡುಗಿ. ಬರೀ ವಯಸ್ಸಿನ ಕಾರಣಕ್ಕೆ ಅಪರಾಧವಾಗುವ ಕಾನೂನಾದರೆ, ಹುಡುಗಿ 16ಕ್ಕಿಂತ ಚಿಕ್ಕವಳಾಗಿದ್ದರೆ ಮಾತ್ರ ವಲಸೆ ಕಾನೂನಿನ ‘ಅಪ್ರಾಪ್ತರ ಮೇಲಿನ ಲೈಂಗಿಕ ದೌರ್ಜನ್ಯ’ ಅನ್ನುವ ಘೋರ ಅಪರಾಧ ಅಂತ ಕೋರ್ಟ್ ಹೇಳಿತು. ನಿಮ್ಮ ಮಗನಿಗೆ ಇದು ದೊಡ್ಡ ಆಸರೆ. ಆದರೆ ಗಡಿಪಾರಿಗೆ ಬೇರೆ ಬಾಗಿಲುಗಳೂ ಇವೆ. ಮಕ್ಕಳ ಮೇಲಿನ ದೌರ್ಜನ್ಯ ಅನ್ನುವ ಇನ್ನೊಂದು ಕಾರಣ ಹಿಡಿಯಬಹುದು, ಶಿಕ್ಷೆಗೆ ಮುಂಚೆಯೇ ವೀಸಾ ರದ್ದಾಗಬಹುದು. ಅದೇ ಸುಪ್ರೀಂ ಕೋರ್ಟಿನ 2010ರ ಪಡಿಲ್ಲಾ ತೀರ್ಪಿನ ಪ್ರಕಾರ, ಒಪ್ಪಂದದಿಂದ ಗಡಿಪಾರಿನ ಅಪಾಯ ಇದೆಯಾ ಅಂತ ಕ್ರಿಮಿನಲ್ ವಕೀಲರು ಮೊದಲೇ ತಿಳಿಸಲೇಬೇಕು. ಅದಷ್ಟೇ ಸಾಲದು. ಸಹಿಗೆ ಮುಂಚೆ ವಲಸೆ ವಕೀಲರೊಬ್ಬರು ಆ ಕಾಗದ ಓದಲಿ. 5,000 ಹೋದದ್ದು ಹೋಯಿತು, ಈ ಓದಿಗೆ ಖರ್ಚು ಮಾಡಿ.

ಲೈಂಗಿಕ ಅಪರಾಧಿಗಳ ಪಟ್ಟಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ 261.5ಕ್ಕೆ ಹೆಸರು ತಾನಾಗಿಯೇ ಪಟ್ಟಿ ಸೇರುವುದಿಲ್ಲ. ಜಡ್ಜ್ ಬೇಕೆಂದರೆ ಸೇರಿಸಬಹುದು. ಒಪ್ಪಂದದಲ್ಲಿ ‘ಪಟ್ಟಿ ಇಲ್ಲ’ ಅಂತ ಬರೆಸಿಕೊಳ್ಳುವುದು ವಕೀಲರ ಕೆಲಸ. ಭಾರತದ ಕಾನ್ಸುಲೇಟಿಗೂ ತಿಳಿಸಿ. ಅವರು ಬಿಡಿಸಿಕೊಂಡು ಬರಲಾರರು, ಆದರೆ ವಕೀಲರ ಪಟ್ಟಿ ಕೊಡುತ್ತಾರೆ.

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ 17. ಪಕ್ಕದೂರಿನ 21ರ ಹುಡುಗನ ಜೊತೆ ಇದ್ದಳು, ಈಗ ಗರ್ಭಿಣಿ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತೇವೆ ಅನ್ನುತ್ತಾರೆ. ಮದುವೆ ಮಾಡಿಸಿಬಿಟ್ಟರೆ ಮುಗೀತಲ್ವಾ?
— ಹಾವೇರಿಯ ಓದುಗರು

ಉತ್ತರ: ಮುಗಿಯುವುದಿಲ್ಲ, ಇನ್ನೊಂದು ಕೇಸ್ ಶುರುವಾಗುತ್ತದೆ. 18ರ ಒಳಗಿನ ಹುಡುಗಿಯ ಮದುವೆ ಕರ್ನಾಟಕದ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅಸಿಂಧು. ಮಾಡಿಸಿದ ಹಿರಿಯರೂ ಆರೋಪಿಗಳಾಗುತ್ತಾರೆ. ಆಸ್ಪತ್ರೆಯವರನ್ನು ಬೈಯಬೇಡಿ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವರು ತಿಳಿಸಲೇಬೇಕು, ತಿಳಿಸದಿದ್ದರೆ ಅವರ ಮೇಲೆ ಕೇಸ್. ನಮ್ಮಲ್ಲಿ 2012ರಿಂದ ಗಡಿ 18. ಅಮೆರಿಕದ ಹಲವು ರಾಜ್ಯಗಳಂತೆ ಹತ್ತಿರದ ವಯಸ್ಸಿನವರಿಗೆ ರಿಯಾಯಿತಿ ಇಲ್ಲ, ಕನಿಷ್ಠ ಶಿಕ್ಷೆ 10 ವರ್ಷ, ಹುಡುಗಿ ಗರ್ಭಿಣಿಯಾಗಿದ್ದರೆ 20 ವರ್ಷ. ಇದನ್ನು ಮತ್ತೆ ಯೋಚಿಸಿ ಅಂತ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ 2022ರಲ್ಲಿ ಕಾನೂನು ಆಯೋಗಕ್ಕೆ ಹೇಳಿತ್ತು. 2023ರ ವರದಿಯಲ್ಲಿ ಆಯೋಗ ವಯಸ್ಸು ಇಳಿಸುವುದು ಬೇಡ ಅಂದಿತು, 16ರಿಂದ 18ರ ನಡುವಿನ ಕೇಸುಗಳಲ್ಲಿ ಜಡ್ಜಿಗೆ ಶಿಕ್ಷೆ ಇಳಿಸುವ ಅವಕಾಶ ಕೊಡಿ ಅಂತಷ್ಟೇ ಸಲಹೆ ಕೊಟ್ಟಿತು. ನನ್ನ ಪ್ರಕಾರ ಅದೂ ಸಾಲದು. ಹುಡುಗಿಗೆ 18 ತುಂಬಿ, ಮದುವೆಯಾಗಿ, ಮಗುವೂ ಇರುವ ಕೆಲವು ಕೇಸುಗಳನ್ನು ಹೈಕೋರ್ಟ್ ರದ್ದು ಮಾಡಿದ್ದುಂಟು. ಅದು ನ್ಯಾಯಾಧೀಶರ ವಿವೇಚನೆ, ಅದನ್ನು ನಂಬಿ ಈಗ ಚಪ್ಪರ ಹಾಕಬೇಡಿ. ಮೊದಲು ಹುಡುಗಿಯ ಆರೋಗ್ಯ, ಅವಳ ಮನಸ್ಸಲ್ಲಿ ಏನಿದೆ ಅನ್ನುವುದು ನೋಡಿ. ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಲ್ಲಿ 16 ಅಂತ ಕಾನೂನು ನೋಡಿಯೇ ಹೇಳುತ್ತಿದ್ದೇನೆ. ನನ್ನ ತಮ್ಮನಿಗೆ 19, ಅವನ ಗೆಳತಿಗೆ 17. ಅವಳೇ ಕಳಿಸಿದ ಬೆತ್ತಲೆ ಫೋಟೊ ಅವನ ಫೋನಿನಲ್ಲಿದೆ. ತೊಂದರೆ ಇಲ್ಲ ತಾನೇ? ಬೇಕಿದ್ದರೆ ಚಾಟ್‌ನ ಸ್ಕ್ರೀನ್‌ಶಾಟ್ ಕಳಿಸುತ್ತೇನೆ.

ಉತ್ತರ: ತೊಂದರೆ ಇದೆ. ಸಮ್ಮತಿಯ ವಯಸ್ಸು 16 ಇರಬಹುದು, ಆದರೆ ಚಿತ್ರದ ವಿಷಯಕ್ಕೆ ಫೆಡರಲ್ ಕಾನೂನಿನಲ್ಲಿ ಗಡಿ 18. ಕಳಿಸಿದವಳು ಅವಳೇ ಆದರೂ ಅಷ್ಟೇ. ಅಂಥ ಚಿತ್ರ ಪಡೆದದ್ದಕ್ಕೇ ಕನಿಷ್ಠ 5 ವರ್ಷದ ಶಿಕ್ಷೆ ಇದೆ, ತೆಗೆಸಿದ್ದಕ್ಕೆ 15. ಹದಿಹರೆಯದವರ ಮೇಲೆ ಇದನ್ನು ಪೂರ್ತಿ ಪ್ರಯೋಗಿಸುವುದು ಅಪರೂಪ, ಆದರೆ ಅಪರೂಪ ಅನ್ನುವ ಧೈರ್ಯದ ಮೇಲೆ ಬದುಕು ನಡೆಸಲು ಆಗುತ್ತಾ? ತಮ್ಮ ನಾಳೆಯೇ ಕ್ರಿಮಿನಲ್ ವಕೀಲರೊಬ್ಬರ ಬಳಿ ಹೋಗಲಿ, ಫೋನ್ ಏನು ಮಾಡಬೇಕು ಅಂತ ಅವರೇ ಹೇಳಲಿ. ಸ್ಕ್ರೀನ್‌ಶಾಟ್ ನನಗೆ ಕಳಿಸಬೇಡಿ. ಕಳಿಸಿದರೆ ನೀವೂ ಆರೋಪಿ.