ಎಚ್‌ಎಂಟಿ ವಾಚಿನ ಡಯಲನ್ನು ಅಕ್ಷರಗಳಲ್ಲೇ ಬಿಡಿಸೋಕೆ, ಫೋಟೋ ಹಾಕಿದರೆ ಅಕ್ಷರಚಿತ್ರ ಮಾಡಿಕೊಡೋ ಒಳ್ಳೆ ಕನ್ವರ್ಟರ್ ಯಾವುದು? ಕನ್ನಡ ಅಂಕಿ ಹಾಕಬಹುದಾ?

ಕನ್ವರ್ಟರ್ ಬೇಡ. ಕನ್ನಡ ಅಂಕಿ ಹಾಕಬಹುದು, ಆದರೆ ಹನ್ನೆರಡೂ ಅಲ್ಲ. ಇದೇ ಆಸೆಯಿಂದ ಭಾವನ ಕೈಲಿ ಬೈಸಿಕೊಂಡವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಭಾವನದು ಸಣ್ಣ ವಾಚ್ ರಿಪೇರಿ ಅಂಗಡಿ. ಅಲ್ಲಿಗೆ ಬರುವುದರಲ್ಲಿ ಕೀ ಕೊಡುವ ಹಳೇ ಎಚ್‌ಎಂಟಿಗಳೇ ಜಾಸ್ತಿ. ಬೆಂಗಳೂರಿನ ಕಾರ್ಖಾನೆ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಶುರುವಾದದ್ದು. ಅದು ಮುಚ್ಚಿ ವರ್ಷಗಳಾದರೂ ನಮ್ಮ ಕಡೆಯ ಅಜ್ಜಂದಿರು ಆ ವಾಚನ್ನು ಕೈಯಿಂದ ಬಿಚ್ಚಿಲ್ಲ. ಅಂಗಡಿಯ ವಿಸಿಟಿಂಗ್ ಕಾರ್ಡಿಗೆ ಜನತಾ ಮಾಡೆಲನ್ನು ಬರೀ ಅಂಕಿ, ಚುಕ್ಕೆ, ಗೆರೆಗಳಲ್ಲೇ ಬಿಡಿಸಿ ಕೊಡುತ್ತೇನೆ ಅಂತ ನಾನೇ ಮುಂದೆ ಬಿದ್ದೆ. ಜಡಿಮಳೆ, ಹೊರಗೆ ಹೋಗುವ ಹಾಗಿಲ್ಲ, ಮನೆಯಲ್ಲಿ ಸುಮ್ನೆ ಕೂತಿದ್ದೆ.

ಮೊದಲು ಫೋಟೋ ತೆಗೆದು ಕನ್ವರ್ಟರಿಗೇ ಹಾಕಿದೆ. ಅದಕ್ಕೆ ವಾಚ್ ಗೊತ್ತಿಲ್ಲ, ಬೆಳಕು ಕತ್ತಲೆ ಮಾತ್ರ ಗೊತ್ತು. ಕಪ್ಪಿದ್ದಲ್ಲಿ @, ಬಿಳಿ ಇದ್ದಲ್ಲಿ ಚುಕ್ಕೆ. ಗಾಜಿನ ಮೇಲೆ ಬಿದ್ದ ಟ್ಯೂಬ್‌ಲೈಟ್ ಹೊಳಪನ್ನೂ ಬಿಡಿಸಿಟ್ಟಿತು. ಮುಳ್ಳು ಯಾವುದು, ಗಾಜಿನ ಗೀರು ಯಾವುದು ಅಂತ ಹುಡುಕಬೇಕು. ತುಂಬಾ ದೊಡ್ಡದು ಮಾಡಿದರೆ ಚೆನ್ನಾಗಿ ಬರುತ್ತದೆ ನಿಜ, ಆದರೆ ಆಗ ಫೋಟೋನೇ ಸಾಕಿತ್ತು ಅಲ್ವಾ?

ಹಾಗಾಗಿ ಕೈಯಲ್ಲೇ ಮಾಡಿ. ಮಾನೋಸ್ಪೇಸ್ ಫಾಂಟಿನಲ್ಲಿ, ಅಂದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಇರುವ ಫಾಂಟಿನಲ್ಲಿ, ಒಂದು ಅಕ್ಷರದ ಜಾಗ ಹೆಚ್ಚುಕಮ್ಮಿ ಅಗಲದ ಎರಡರಷ್ಟು ಎತ್ತರ ಇರುತ್ತದೆ. 40 ಅಕ್ಷರ ಅಗಲಕ್ಕೆ 40 ಸಾಲು ಇಟ್ಟರೆ ಡಯಲ್ ಹಲಸಿನಕಾಯಿ ಹಾಗೆ ಉದ್ದಕ್ಕೆ ನಿಲ್ಲುತ್ತದೆ. 20 ಸಾಲು ಸಾಕು. ನಡುವಿನಿಂದ ಎಣಿಸಿ: 1ರ ಗುರುತು ಬಲಕ್ಕೆ 10 ಅಕ್ಷರ, ಮೇಲಕ್ಕೆ 9 ಸಾಲು. 2ರದು ಬಲಕ್ಕೆ 17, ಮೇಲಕ್ಕೆ 5. 3ರದು ಅದೇ ಸಾಲಿನಲ್ಲಿ ಬಲಕ್ಕೆ 20. ಎಡಕ್ಕೂ ಕೆಳಕ್ಕೂ ಇದೇ ಲೆಕ್ಕ.

ಈಗ ನಾನು ಕೆಟ್ಟದ್ದು ಎಲ್ಲಿ ಅಂತ ಹೇಳುತ್ತೇನೆ. ಕನ್ನಡ ಅಂಕಿಯಲ್ಲಿ. ನೋಟ್‌ಪ್ಯಾಡಿನಲ್ಲಿ ಕನ್ಸೋಲಾಸ್ ಫಾಂಟ್ ಇಟ್ಟುಕೊಂಡಿದ್ದೆ. ಅದರಲ್ಲಿ ಎಲ್ಲ ಅಕ್ಷರದ ಅಗಲ ಒಂದೇ, ಆದರೆ ಕನ್ನಡವೇ ಇಲ್ಲ. ೧೧ ಅಂತ ಒತ್ತಿದ ಕೂಡಲೇ ವಿಂಡೋಸ್ ಅದನ್ನು ಬೇರೆ ಫಾಂಟಿನಿಂದ ಎರವಲು ತರುತ್ತದೆ, ತುಂಗಾ ಇಲ್ಲವೇ ನಿರ್ಮಲಾ ಯುಐ. (ಹೌದು, ನಮ್ಮ ಹೊಳೆ ಹೆಸರಿನ ಫಾಂಟೇ!) ಆ ಅಂಕಿಯ ಅಗಲ ಕನ್ಸೋಲಾಸ್ ಅಗಲಕ್ಕೆ ಹೊಂದುವುದಿಲ್ಲ. ಆ ಸಾಲಿನಲ್ಲಿ ಆಮೇಲೆ ಬರುವುದೆಲ್ಲ ಅಷ್ಟಷ್ಟು ಸರಿದುಬಿಡುತ್ತದೆ. ನನಗೂ ಅದು ಕಂಡಿತ್ತು. ಕಂಡು ಮಾಡಿದ್ದೇನು? ಕಣ್ಣಂದಾಜಿನಲ್ಲಿ ಸ್ಪೇಸ್ ಹಾಕಿ, ತೆಗೆದು, ಮತ್ತೆ ಹಾಕಿ ಬಲಗಡೆಯ ಅಂಚನ್ನು ಕೂರಿಸಿದೆ. ಅಂದರೆ ಆ ಸ್ಪೇಸುಗಳು ನನ್ನ ಕಂಪ್ಯೂಟರಿನ ಫಾಂಟಿಗೆ ಮಾತ್ರ ಸರಿ. ಬೇರೆ ಫಾಂಟ್ ಇರುವ ಕಡೆ ಅವೇ ಅಂಚನ್ನು ಇನ್ನಷ್ಟು ಕೆಡಿಸುತ್ತವೆ. ಫೋನಿನಲ್ಲಿ ಒಂದು ಸಲ ತೆರೆದು ನೋಡಿದ್ದರೂ ಗೊತ್ತಾಗುತ್ತಿತ್ತು, ಆಂಡ್ರಾಯ್ಡಿನ ನೋಟೋ ಫಾಂಟಿನ ಅಗಲವೇ ಬೇರೆ. ಸ್ಕ್ರೀನ್‌ಶಾಟ್ ಕೊಟ್ಟಿದ್ದರೂ ಬಚಾವಾಗುತ್ತಿದ್ದೆ. ನಾನು ಟೆಕ್ಸ್ಟ್ ಫೈಲನ್ನೇ ದುರ್ಗಿಗುಡಿಯ ಪ್ರೆಸ್ಸಿಗೆ ಕಳಿಸಿ, ಪ್ರೂಫ್ ಬೇಡ, ಹೊಡೆದುಬಿಡಿ ಅಂದೆ. ಅವರು ಹೊಡೆದರು. ಅವರದೇನೂ ತಪ್ಪಿಲ್ಲ.

ಭಾವ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆಯದೆಯೇ ಕಾರ್ಡ್ ನೋಡಿದರು. "ಏನೋ ಮಾರಾಯ, ಇದು ರಿಪೇರಿಗೆ ಬಂದ ವಾಚಾ?" ಅಂದರು. ಆಮೇಲೆ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಹೋದದ್ದು ಅವರ ದುಡ್ಡು.

ಹಾಗಾಗಿ ನನ್ನ ಮಾತು ಇಷ್ಟೇ: ಕನ್ನಡ ಅಂಕಿ ಸಾಲಿನ ಕೊನೆಯಲ್ಲಿ ಮಾತ್ರ ಇರಲಿ, ಅದಾದ ಮೇಲೆ ಏನೂ ಬರಬಾರದು. ಡಯಲಿನಲ್ಲಿ ಅಂಥ ಜಾಗಕ್ಕೆ ೧೨, ೩, ೬ ಹಾಕಿ. ಉಳಿದ ಒಂಬತ್ತು ಕಡೆ ಚುಕ್ಕೆ. ಸುತ್ತ ಕೇಸಿನ ಗೆರೆ ಎಳೆಯಲೇಬೇಡಿ, ಎಳೆದರೆ ಅಂಕಿಯ ಬಲಕ್ಕೆ ಗೆರೆ ಬರಲೇಬೇಕಲ್ಲ. ಹನ್ನೆರಡು ಗುರುತು ಸರಿಯಾಗಿ ಕೂತರೆ ನೋಡುವವರ ಕಣ್ಣೇ ಸುತ್ತು ಪೂರ್ತಿ ಮಾಡಿಕೊಳ್ಳುತ್ತದೆ. ನನಗಂತೂ ಅಂಚಿಲ್ಲದ ಡಯಲೇ ಚಂದ.

ಅಷ್ಟಕ್ಕೂ ಮೊದಲ ಸಲವೇ ದುಂಡನೆಯ ವಾಚ್ ಯಾಕೆ? ಕ್ಯಾಸಿಯೋ ಎಫ್-91ಡಬ್ಲ್ಯು ತಗೊಳ್ಳಿ. 1989ರ ಡಿಜಿಟಲ್ ವಾಚ್, ಚೌಕ ಮುಖ. ಅಂಕಿಗೆ ಏಳು ಕಡ್ಡಿ, ಅಡ್ಡ ಮೂರು, ಉದ್ದ ನಾಲ್ಕು. ಅಡ್ಡಕ್ಕೆ ಅಂಡರ್‌ಸ್ಕೋರ್ (_), ಉದ್ದಕ್ಕೆ ಪೈಪ್ ಗುರುತು (|). ಮೂರೇ ಸಾಲಿನಲ್ಲಿ ಟೈಮ್ ಬಂತು:

         _     _   _
      | | | . | | |_|
      | |_| . |_| |_|

ಇಲ್ಲ, ಎಚ್‌ಎಂಟಿನೇ ಬೇಕು ಅಂತ ಹಟ ಇದ್ದರೆ ಮುಳ್ಳನ್ನು ಜಾಹೀರಾತಿನವರ ಹಾಗೆ 10:10ಕ್ಕೆ ಇಡಬೇಡಿ. / ಗುರುತನ್ನು ಸಾಲಿಗೊಂದು ಅಕ್ಷರ ಸರಿಸುತ್ತಾ ಹೋದರೆ ಅದು ಹೋಗುವುದು 1ರ ಕಡೆಗೆ, 2ರ ಕಡೆಗಲ್ಲ. ಅಕ್ಷರದ ಜಾಗ ಎರಡರಷ್ಟು ಎತ್ತರ ಇದೆಯಲ್ಲ, ಅದಕ್ಕೆ. ಹಾಗೇ \ ಗುರುತು 11ರ ಕಡೆಗೆ ಹೋಗುತ್ತದೆ. 11:05 ಇಡಿ, ಎರಡೂ ಮುಳ್ಳು ಹೇಳಿ ಮಾಡಿಸಿದ ಹಾಗೆ ಕೂರುತ್ತವೆ. 10:10 ಬೇಕೇಬೇಕು ಅಂದರೆ ಚುಕ್ಕೆ, ಅಡ್ಡಗೆರೆ ಸೇರಿಸಿ ಮೆಟ್ಟಿಲು ಕಟ್ಟಬೇಕು. ಮುಳ್ಳು ಸೊಟ್ಟಗೆ ಕಾಣುತ್ತದೆ.