ತಟ್ಟೆಯಲ್ಲಿ ಉಳಿದ ಅನ್ನವನ್ನೂ ಬರೆದಿಡಿ

ಶುಶ್ರೂಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಎಂ.ಎಸ್ಸಿ. ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ. ಪೌಷ್ಟಿಕತೆಯ ಕುರಿತು ಪ್ರಬಂಧ ಬರೆಯಬೇಕೆಂದಿದ್ದೇನೆ. ಐದು ವರ್ಷದೊಳಗಿನ ಮಕ್ಕಳ ತಾಯಂದಿರಿಗೆ ಆಹಾರದ ಪಾಠ ಹೇಳಿ, ಪಾಠಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಪ್ರಶ್ನಾವಳಿ ಕೊಟ್ಟು, ಅವರ ತಿಳಿವಳಿಕೆ ಎಷ್ಟು ಹೆಚ್ಚಿತೆಂದು ಅಳೆಯುವಂತೆ ಮಾರ್ಗದರ್ಶಕರು ಸೂಚಿಸಿದ್ದಾರೆ. ನಮ್ಮ ಗ್ರಂಥಾಲಯದಲ್ಲಿ ಇಂಥ ಪ್ರಬಂಧಗಳು ಸಾಲುಸಾಲಾಗಿವೆ. ಇದರಿಂದ ಒಂದು ಮಗುವಿಗಾದರೂ ಉಪಯೋಗವಾದೀತೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಸಂಶಯದಲ್ಲಿ ಹುರುಳಿದೆ. ಪಾಠ ಹೇಳಿದ ಏಳನೆಯ ದಿನ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರೆ ಅಂಕ ಏರದಿದ್ದರೇ ಆಶ್ಚರ್ಯ. ಮೊಟ್ಟೆ, ಬೇಳೆ, ಸೊಪ್ಪು ಒಳ್ಳೆಯದೆಂದು ತಿಳಿದ ತಾಯಿ ಬೆಳಗ್ಗೆ ಆರಕ್ಕೆ ಹತ್ತಿ ಬಿಡಿಸಲು ಹೊರಟು, ಮಗುವನ್ನು ಏಳು ವರ್ಷದ ಅಕ್ಕನ ಕೈಗೆ ಒಪ್ಪಿಸಿ ಹೋಗುವವಳಾಗಿದ್ದರೆ, ಆಕೆಯ ತಿಳಿವಳಿಕೆಗೂ ಮಗುವಿನ ಬಟ್ಟಲಿಗೂ ನಡುವೆ ಇಡೀ ಒಂದು ಹಗಲು ಬಿದ್ದಿರುತ್ತದೆ. ಪ್ರಶ್ನಾವಳಿ ಆ ಹಗಲನ್ನು ಕಾಣುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಇದಕ್ಕೆಲ್ಲ ತಾಯಂದಿರ ಅಜ್ಞಾನವೇ ಕಾರಣವೆಂಬಂತೆ ನಾವು ಮತ್ತೆ ಮತ್ತೆ ಅವರನ್ನೇ ಪರೀಕ್ಷೆಗೆ ಕೂರಿಸುತ್ತಿರುವುದು ನ್ಯಾಯವಲ್ಲ.

ಪಾಠ ಬೇಡವೆನ್ನುತ್ತಿಲ್ಲ, ಅಳತೆಯನ್ನು ಬದಲಿಸಿಕೊಳ್ಳಿ. ನಿನ್ನೆ ಬೆಳಗಿನಿಂದ ಇಂದು ಬೆಳಗಿನವರೆಗೆ ಮಗು ಏನೇನು ತಿಂದಿತು ಎಂದು ತಾಯಿಯನ್ನೂ ಮಗುವಿಗೆ ಉಣಿಸುವವರನ್ನೂ ಕೇಳಿ ಬರೆದುಕೊಳ್ಳಿ. 6ರಿಂದ 23 ತಿಂಗಳ ಮಗು ಎದೆಹಾಲೂ ಸೇರಿದಂತೆ ಎಂಟು ಆಹಾರ ಗುಂಪುಗಳಲ್ಲಿ ಐದನ್ನಾದರೂ ದಿನದಲ್ಲಿ ತಿಂದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಪಾಠವಾಗಿ ಮೂರು ತಿಂಗಳಾದ ಮೇಲೆ ಆ ಗುಂಪುಗಳು ಎರಡರಿಂದ ನಾಲ್ಕಾದವೇ, ತೂಕ ಏರಿತೇ ಎಂದು ನೋಡಿ. ನಲವತ್ತೇ ಮಕ್ಕಳಾದರೂ ಚಿಂತೆಯಿಲ್ಲ, ಏರದಿದ್ದರೆ ಏರಲಿಲ್ಲವೆಂದೇ ಬರೆಯಿರಿ.

ಹಳ್ಳಿಗೆ ಮೂರು ತಿಂಗಳು ಓಡಾಡುವುದು ಆಗದ ಮಾತಾದರೆ ನೀವು ಡ್ಯೂಟಿ ಮಾಡುವ ವಾರ್ಡಿನಲ್ಲೇ ವಿಷಯವಿದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಲಗೈ ಮುರಿದು ಪಟ್ಟಿ ಹಾಕಿಸಿಕೊಂಡ ಮುದುಕಿಯೊಬ್ಬಳಿದ್ದಳು. ಎಡಗೈಗೆ ಸಲೈನ್ ಹಾಕಿತ್ತು. ಮಧ್ಯಾಹ್ನ ಅನ್ನ-ಸಾರಿನ ತಟ್ಟೆ ಬಂದು ಲಾಕರಿನ ಮೇಲೆ ಕೂತಿತು, ಒಂದು ಗಂಟೆಯ ನಂತರ ಹಾಗೆಯೇ ಹೋಯಿತು. ಸಾರು ಆರಿ ಮೇಲೆ ಕೆನೆಗಟ್ಟಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕೇಸ್‌ಶೀಟಿನಲ್ಲಿ ‘ಆಹಾರ ಸೇವಿಸಿದ್ದಾರೆ’ ಎಂದು ಬರೆದವಳು ನಾನೇ. ತಟ್ಟೆ ಬಂದದ್ದನ್ನು ಕಂಡಿದ್ದೆ, ಹೋದದ್ದನ್ನು ನೋಡಿರಲಿಲ್ಲ. ಅನ್ನಕ್ಕೇನೂ ಕೊರತೆಯಿಲ್ಲದ ಕಡೆಯಲ್ಲೇ, ಉಣಿಸುವ ರೀತಿಗೆ ಗಮನ ಕೊಡುವವರಿಲ್ಲದೆ ಸಾವಿರಾರು ರೋಗಿಗಳು ಹಸಿದಿರುತ್ತಾರೆಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿದ್ದರು. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದ ನನಗೆ ಮುದುಕಿಯ ತಟ್ಟೆ ಕಾಣಿಸಲಿಲ್ಲ.

2006ರಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳ ಆಸ್ಪತ್ರೆಗಳು ಸೇರಿ, ಒಂದೇ ದಿನ ಹದಿನಾರು ಸಾವಿರಕ್ಕೂ ಹೆಚ್ಚು ರೋಗಿಗಳ ಊಟವನ್ನು ಲೆಕ್ಕವಿಟ್ಟವು. ಬಡಿಸಿದ್ದರಲ್ಲಿ ಪೂರ್ತಿ ತಿಂದಿರೇ, ಅರ್ಧವೇ, ಕಾಲುಭಾಗವೇ, ಏನೂ ಇಲ್ಲವೇ ಎಂಬಷ್ಟು ಸರಳ ಪ್ರಶ್ನೆ. ಅರ್ಧಕ್ಕೂ ಹೆಚ್ಚು ರೋಗಿಗಳು ಊಟವನ್ನು ಪೂರ್ತಿ ಮಾಡಿರಲಿಲ್ಲ. ಕಡಿಮೆ ತಿಂದವರಲ್ಲಿ ಮುಂದಿನ ದಿನಗಳಲ್ಲಿ ಸಾವು ಹೆಚ್ಚಾಗಿತ್ತು. ಕಾಯಿಲೆ ಬಲವಾಗಿದ್ದವರು ಕಡಿಮೆ ತಿನ್ನುವುದು ಸಹಜವಾದ್ದರಿಂದ, ಊಟ ಬಿಟ್ಟದ್ದೇ ಸಾವಿಗೆ ಕಾರಣವೆಂದು ಇದರಿಂದ ಹೇಳಲಾಗದು. ಅಪಾಯದ ಸೂಚನೆ ತಟ್ಟೆಯಲ್ಲೇ ಇರುತ್ತದೆ ಎಂಬಷ್ಟು ಮಾತ್ರ ಖಚಿತ.

ಇದನ್ನು ನಿಮ್ಮ ವಾರ್ಡಿನಲ್ಲಿ ಮಾಡಿ ನೋಡಿ. ಮೂರು ಹೊತ್ತೂ ತಟ್ಟೆ ಹಿಂದಿರುಗುವಾಗ ಕಾಲು, ಅರ್ಧ, ಮುಕ್ಕಾಲು ಎಂದು ಗುರುತಿಸಿ, ಉಳಿದದ್ದೇಕೆಂಬ ಕಾರಣವನ್ನೂ ಬರೆಯಿರಿ: ವಾಕರಿಕೆಯೋ, ನೋವೋ, ಹಲ್ಲಿಲ್ಲವೋ, ತಟ್ಟೆ ಕೈಗೆಟುಕಲಿಲ್ಲವೋ, ಮುದ್ದೆ ಉಣ್ಣುವವರಿಗೆ ಬ್ರೆಡ್ ಬಂತೋ, ಊಟದ ಹೊತ್ತಿಗೇ ಎಕ್ಸ್‌ರೇಗೆ ಕರೆದೊಯ್ದರೋ. ಮೊದಲ ಒಂದು ವಾರ ಇಬ್ಬರು ಬೇರೆಬೇರೆಯಾಗಿ ಅದೇ ತಟ್ಟೆಗಳನ್ನು ಅಳೆದು ಹೋಲಿಸಿಕೊಳ್ಳಿ, ಇಲ್ಲವಾದರೆ ನಿಮ್ಮ ‘ಅರ್ಧ’ ಇನ್ನೊಬ್ಬರ ‘ಮುಕ್ಕಾಲು’ ಆಗಿರುತ್ತದೆ. ನೈತಿಕ ಸಮಿತಿಯ ಅನುಮತಿಯೂ ರೋಗಿಗಳ ಒಪ್ಪಿಗೆಯೂ ಬೇಕೆಂಬುದನ್ನು ಮಾರ್ಗದರ್ಶಕರೇ ಹೇಳುತ್ತಾರೆ. ಇಷ್ಟು ಸಿದ್ಧಮಾಡಿಕೊಂಡು ಅವರ ಮುಂದೆ ಕೂತರೆ ಒಪ್ಪದಿರಲಾರರು.

ಪ್ರಶ್ನೆ: ನನ್ನ ಮೊಮ್ಮಗಳಿಗೆ ಒಂದು ವರ್ಷ ನಾಲ್ಕು ತಿಂಗಳು. ಅಂಗನವಾಡಿ ಟೀಚರು ತೋಳಿಗೆ ಪಟ್ಟಿ ಸುತ್ತಿ, 11.2 ಬಂದಿದೆ, ಕೆಂಪು ಬಣ್ಣ, ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಇರಬೇಕು ಎನ್ನುತ್ತಾರೆ. ಮಗು ಜ್ವರವಿಲ್ಲದೆ ಇದೆ. ಮನೆಯಲ್ಲೇ ಹಾಲು, ತುಪ್ಪ, ರಾಗಿ ಸರಿ ಚೆನ್ನಾಗಿ ಕೊಟ್ಟರೆ ಆಗದೇ?
– ಅಜ್ಜಿ, ಸಿಂಧನೂರು ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಜ್ವರವಿಲ್ಲ ಎಂದಿದ್ದೀರಿ. ಇಷ್ಟು ಸೊರಗಿದ ಮಗುವಿನ ಮೈ ಸೋಂಕಿದ್ದರೂ ಬಿಸಿಯೇರದೆ ಇರಬಹುದು, ಆದ್ದರಿಂದ ಅದನ್ನು ನಂಬಿ ಕೂರುವಂತಿಲ್ಲ. ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟಾಗ ಗುಳಿ ಬಿದ್ದರೆ ಅಂದೇ ಹೊರಡಬೇಕು.

ತುಪ್ಪ ಹಾಕಿ ಒಮ್ಮೆಲೇ ತುಂಬಾ ಉಣಿಸಬೇಡಿ. ಬಹುದಿನ ಸರಿಯಾಗಿ ಉಣ್ಣದ ಮಗುವಿನ ದೇಹ ತನ್ನ ಕೆಲಸವನ್ನೆಲ್ಲ ನಿಧಾನಿಸಿಕೊಂಡಿರುತ್ತದೆ. ಒಮ್ಮೆಲೇ ಹೆಚ್ಚು ಆಹಾರ ಹೊಕ್ಕರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ತೊಂದರೆಯಾಗಬಹುದು. ಅದಕ್ಕಾಗಿ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ, ಅಂದರೆ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಇರಿಸಿಕೊಂಡು ನೋಡಿಕೊಳ್ಳುವ ವಿಭಾಗದಲ್ಲಿ, ಮೊದಲು 100 ಮಿಲಿಲೀಟರಿಗೆ 75 ಕ್ಯಾಲರಿ ಇರುವ ಹಾಲಿನಂಥ ಆಹಾರವನ್ನು ಎರಡೆರಡು ಗಂಟೆಗೊಮ್ಮೆ ಅಳೆದು ಕುಡಿಸುತ್ತಾರೆ, ಹಸಿವು ಮರಳಿದ ಮೇಲೆ 100 ಕ್ಯಾಲರಿಯದಕ್ಕೆ ಬದಲಿಸುತ್ತಾರೆ. ನಡುರಾತ್ರಿ ಎರಡಕ್ಕೂ ನಾಲ್ಕಕ್ಕೂ ನರ್ಸ್ ಬಂದು ಎಬ್ಬಿಸಿದರೆ ಬೇಸರಪಡಬೇಡಿ. ಇಂಥ ಮಕ್ಕಳಿಗೆ ರಕ್ತದ ಸಕ್ಕರೆ ಇಳಿಯುವುದೂ ಮೈ ತಣ್ಣಗಾಗುವುದೂ ಹೆಚ್ಚಾಗಿ ರಾತ್ರಿಯೇ. ರಕ್ತ ಕಡಿಮೆಯಿದೆಯೆಂದು ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿಸುವುದೂ ಬೇಡ, ಮೊದಲ ವಾರ ಅದನ್ನು ಆಸ್ಪತ್ರೆಯಲ್ಲೂ ಕೊಡುವುದಿಲ್ಲ.

ವೈದ್ಯರು ಪರೀಕ್ಷಿಸಿ, ಬೇರೆ ತೊಂದರೆಯಿಲ್ಲ, ಹಸಿವೂ ಚೆನ್ನಾಗಿದೆ ಎಂದು ಕಂಡರೆ ಮನೆಯಲ್ಲೇ ನೋಡಿಕೊಳ್ಳಲು ಹೇಳಲೂಬಹುದು. ಉಳಿಯಬೇಕೆಂದರೆ, ಜೊತೆಗಿರುವ ತಾಯಿಯ ಕೂಲಿ ನಷ್ಟಕ್ಕೆ ಹಣ ಕೊಡುವ ವ್ಯವಸ್ಥೆ ಇದೆ, ಸಂಕೋಚವಿಲ್ಲದೆ ಕೇಳಿ.

ಇನ್ನೊಂದು ಕೆಲಸ ನಿಮ್ಮದೇ. ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ 1980ರ ದಶಕದಲ್ಲಿ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಎರಡು ವರ್ಷ ಗಮನಿಸಿದರು. ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನೊಡನೆ ಹೇಗೆ ಆಡಬೇಕೆಂದು ತಾಯಿಗೆ ತೋರಿಸಿದರು. ಇಪ್ಪತ್ತು ವರ್ಷಗಳ ನಂತರ ನೋಡಿದಾಗ, ಹಾಗೆ ಆಡಿಸಿಕೊಂಡ ಮಕ್ಕಳ ಸಂಪಾದನೆ ಉಳಿದವರಿಗಿಂತ ಸುಮಾರು ಶೇ 25ರಷ್ಟು ಹೆಚ್ಚಿತ್ತು. ಮೊಮ್ಮಗಳಿಗೆ ಉಣಿಸುವಾಗ ಮೊಬೈಲ್ ಹಿಡಿಸಬೇಡಿ. ಹೆಸರು ಹಿಡಿದು ಕರೆದು, ಕಾಗೆ-ಗುಬ್ಬಿ ತೋರಿಸಿ, ತುತ್ತಿಗೊಂದು ಮಾತಾಡಿ. ಇದನ್ನೂ ಮದ್ದಿನಷ್ಟೇ ತಪ್ಪದೆ ಮಾಡಿ.

ಪ್ರಶ್ನೆ: ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿರುವ ನಮ್ಮ ತಂದೆ ಏನೂ ಸರಿಯಾಗಿ ತಿನ್ನುತ್ತಿಲ್ಲ. ಗ್ಲೂಕೋಸ್ ಬಾಟಲಿ ಹಾಕಿಸಿದರೆ ಶಕ್ತಿ ಬರುವುದೇ?
– ಓದುಗರು, ತುಮಕೂರು

ಉತ್ತರ: ಶೇ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅಂದರೆ ನೂರು ಕ್ಯಾಲರಿಗೂ ಮೀರದು. ಒಂದು ಮೊಟ್ಟೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಶಕ್ತಿಯ ಜೊತೆಗೆ ಆರು ಗ್ರಾಂ ಪ್ರೋಟೀನೂ ಇದೆ, ಮೂಳೆ ಕೂಡಲು ಬೇಕಾದದ್ದು ಅದು. ಬರಿಯ ಉಪ್ಪುನೀರಿನ ಸಲೈನಿನಲ್ಲಂತೂ ಆಹಾರವೆಂಬುದೇ ಇಲ್ಲ. ನೀರಿನಂಶ ಕಡಿಮೆಯಾದಾಗ ಬಾಟಲಿ ಬೇಕಾಗುತ್ತದೆ, ಅದನ್ನು ವೈದ್ಯರೇ ತೀರ್ಮಾನಿಸಲಿ.

ಸ್ವಿಟ್ಜರ್ಲೆಂಡಿನ ಎಂಟು ಆಸ್ಪತ್ರೆಗಳಲ್ಲಿ ಅಪೌಷ್ಟಿಕತೆಯ ಅಪಾಯವಿದ್ದ ಎರಡು ಸಾವಿರ ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬೊಬ್ಬರಿಗೂ ತಕ್ಕ ಆಹಾರ ಯೋಜಿಸಿ ಕೊಟ್ಟ ಗುಂಪಿನಲ್ಲಿ ಮೂವತ್ತು ದಿನಗಳೊಳಗೆ ತೀರಿಕೊಂಡವರು ಶೇ 7, ಆಸ್ಪತ್ರೆಯ ಸಾಮಾನ್ಯ ಊಟದ ಗುಂಪಿನಲ್ಲಿ ಶೇ 10. ಆದ್ದರಿಂದ ಆಹಾರ ತಜ್ಞರನ್ನು ಕರೆಸುವಂತೆ ವಾರ್ಡಿನ ಸಿಸ್ಟರನ್ನು ಕೇಳಿಕೊಳ್ಳಿ. ಮಲಗಿದ್ದಂತೆಯೇ ಉಣಿಸಬೇಡಿ; ವೈದ್ಯರು ಅನುಮತಿಸಿದಷ್ಟು ತಲೆಭಾಗ ಎತ್ತಿಸಿ, ನುಂಗುವಾಗ ಕೆಮ್ಮು ಬಂದರೆ ನಿಲ್ಲಿಸಿ ತಿಳಿಸಿ. ಕೃತಕ ದಂತಪಂಕ್ತಿ ಇದ್ದರೆ ಮನೆಯಲ್ಲಿ ಮರೆತು ಬಂದಿಲ್ಲವಷ್ಟೇ? ಇಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ, ಬೆಳಗ್ಗೆ ಇಡ್ಲಿ ಒಂದೂವರೆ, ಹಾಲು ಅರ್ಧ ಲೋಟ, ಹೀಗೆ ಅವರು ನಿಜಕ್ಕೂ ತಿಂದಷ್ಟನ್ನೇ ಬರೆದು, ನಾಳೆ ಡಾಕ್ಟರು ರೌಂಡ್ಸ್‌ಗೆ ಬಂದಾಗ ತೋರಿಸಿ.